ಪಾತ್ರೆ ವಾಪಸು ಕೊಟ್ಟ ಮಾಧವರಾಯರು

ಮಾಧವರಾಯರು ಯಾರ ಮನೆಗೆ ಊಟಕ್ಕೆ ಬಂದರೂ ಸತ್ತ ಹೆಂಗಸೊಬ್ಬಳ ಪಾತ್ರೆಗಳ ಪಟ್ಟಿ ಒಪ್ಪಿಸದೆ ಎಲೆಯಿಂದ ಏಳುತ್ತಿರಲಿಲ್ಲ. ಎಲೆ ಎಂದರೆ ಪೇಪರ್ ಪ್ಲೇಟು, ಏಳುವುದು ಎಂದರೆ ಸೋಫಾದಿಂದ. ಅದು ಬೇರೆ ಮಾತು. ಮೊಸರನ್ನ ಮುಗಿಯುವ ಹೊತ್ತಿಗೆ ಕಣ್ಣು ಅರೆಮುಚ್ಚಿ, ಬಲಗೈಯ ಬೆರಳು ಒಂದೊಂದನ್ನೇ ಮಡಚುತ್ತ ಶುರು ಮಾಡುವರು. "ಒಂದು ಗರಿ ತುಂಬಿದ ಹಾಸಿಗಿ. ಅದರ ದಿಂಬು. ಮೂರು ತವರದ ತಾಟು. ಒಂದು ಕಬ್ಬಿಣದ ಗಡಿಗಿ, ತ್ಯಾಪಿ ಹಾಕಿದ್ದು. ಒಂದು ಕೆಂಪು ಲಂಗ. ಒಂದು ನೂಲೋ ರಾಟಿ. ಒಂದು ಕರೇ ಆಕಳ. ಮತ್ತ..." ಇಲ್ಲಿ ನಿಲ್ಲಿಸಿ, ಕಣ್ಣು ತೆರೆದು ಎಲ್ಲರ ಮುಖ ನೋಡುವರು. "ಮತ್ತ, ಒಂದು ಹಿತ್ತಾಳಿ ಕೆಟಲ್. ಕೆಟಲ್ ಅಂದರ ಚಹಾದ್ದಲ್ಲ, ನಮ್ಮ ಕೊಪ್ಪರಿಗಿ ಇದ್ದಂಗ. ತಿಳೀತಿಲ್ಲೋ?" ಅಷ್ಟು ಹೊತ್ತಿಗೆ ಮಕ್ಕಳು ಬೇಸ್‌ಮೆಂಟಿಗೆ ಇಳಿದು ಹೋಗಿರುತ್ತಿದ್ದವು.

ಈ ಆಸ್ತಿಯ ಒಡತಿ ಹ್ಯಾನಾ ಎಂಬ ವಿಧವೆ. ಮುನ್ನೂರು ವರ್ಷದ ಹಿಂದೆ, ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ನಮ್ಮ ಟೌನ್‌ಹೌಸುಗಳ ಜಾಗದಲ್ಲಿ ಇನ್ನೂ ಜೋಳದ ಹೊಲಗಳಿದ್ದಾಗ, ಇಲ್ಲೇ ಎಲ್ಲೋ ಬೇಸಾಯ ಮಾಡಿಕೊಂಡಿದ್ದಳಂತೆ. ಸಾಯುವ ಮೊದಲು ಒಂದು ಉಯಿಲು ಬರೆಸಿದಳು. ಒಂದೇ ಹಾಳೆ. ಯಾರಿಗೆ ಯಾವ ಪಾತ್ರೆ, ಯಾರಿಗೆ ಯಾವ ಬಟ್ಟೆ ಎಂದು ಹೇಳಿ ಬರೆಸಿ, ಸಹಿಯ ಬದಲು ಒಂದು ಗೀಟು ಎಳೆದು ಕಣ್ಣು ಮುಚ್ಚಿದಳು. ಪಾಪದ ಹೆಂಗಸು. ಆ ಹಾಳೆ ಮುಂದೊಂದು ದಿನ ಧಾರವಾಡದ ಒಬ್ಬ ನಿವೃತ್ತ ಕೆಮಿಸ್ಟರ ಕೈಗೆ ಸಿಗುತ್ತದೆ ಎಂದು ಗೊತ್ತಿದ್ದರೆ ಒಲೆಗೆ ಹಾಕಿ ಸಾಯುತ್ತಿದ್ದಳು.

ಮಾಧವರಾಯರು ಮೂವತ್ತು ವರ್ಷ ಔಷಧಿ ಕಂಪನಿಯೊಂದರಲ್ಲಿ ಮಾತ್ರೆಗಳ ಮೇಲಿನ ಲೇಪನದ ಕೆಲಸ ಮಾಡಿ ರಿಟೈರ್ ಆದವರು. ಇಡೀ ದಿನ ಮನೆಯಲ್ಲಿ ಕೂತು ಹೆಂಡತಿಯ ತಲೆ ತಿನ್ನುವುದು ಬೇಡವೆಂದು ಮಗಳೇ ಅವರನ್ನು ಹಳೆಯ ಕಾಗದಪತ್ರ ಕಾಯ್ದಿಡುವ ಒಂದು ಸಣ್ಣ ಸಂಘಕ್ಕೆ ವಾಲಂಟಿಯರ್ ಕೆಲಸಕ್ಕೆ ಹಚ್ಚಿದ್ದಳು. ಅಲ್ಲೊಂದು ಪೆಟ್ಟಿಗೆಯಲ್ಲಿ ಹ್ಯಾನಾ ಸಿಕ್ಕಿದಳು. ಆರೇ ತಿಂಗಳಲ್ಲಿ ಹಳೆ ಇಂಗ್ಲಿಷ್ ಕೈಬರಹ ಓದುವುದನ್ನು ಕಲಿತರು. ಅದು ಸುಲಭವಲ್ಲ, ಒಪ್ಪುತ್ತೇನೆ. ನಾನಾಗಿ ಒಪ್ಪದಿದ್ದರೆ ಅವರೇ ಒಪ್ಪಿಸುತ್ತಿದ್ದರು. "ನಿಮಗ ಇದು ಹುಳ ಹರದಾಡಿದಂಗ ಕಾಣ್ತದ. ನನಗ ಆ ಕಾರಕೂನ ಯಾವ ಸಾಲಿನ್ಯಾಗ ಆಕಳಿಸಿದಾ ಅನ್ನೋದು ಸೈತ ಕಾಣ್ತದ" ಎನ್ನುತ್ತಿದ್ದರು. ಕನ್ನಡ ಸಂಘದವರು ಒಮ್ಮೆ ಬಾಯಿ ತಪ್ಪಿ ಅವರನ್ನು ಪ್ರೊಫೆಸರ್ ಎಂದು ಕರೆದರು. ಅಂದಿನಿಂದ ಅವರ ಈಮೇಲಿನ ಕೆಳಗೆ ಆ ಪದ ಖಾಯಂ ಆಯಿತು.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವರ ಮನೆಯಿಂದ ಮೂರನೇ ಬಾಗಿಲು ನಮ್ಮದು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಾನು ಲಂಚ್ ಹೊತ್ತಿಗೆ ಆ ಮನೆಗೆ ಹೋಗುತ್ತಿದ್ದೆ, ಆದರೆ ಅವರಿಗಾಗಿ ಅಲ್ಲ, ಅವರ ಹೆಂಡತಿ ಗಂಗಕ್ಕನಿಗಾಗಿ. ನಾನು ಮೈಸೂರಿನವಳು, ಗಂಗಕ್ಕ ಗದಗಿನ ಹತ್ತಿರದ ಹಳ್ಳಿಯವರು. "ಬಾರವಾ, ಕೂಡು" ಎಂದು ಕರೆದು ಒಂದು ರೊಟ್ಟಿ ಕೈಗಿಟ್ಟರೆ ನನಗೆ ಮಧ್ಯಾಹ್ನದ ಮೀಟಿಂಗುಗಳನ್ನು ಸಹಿಸುವ ಶಕ್ತಿ ಬರುತ್ತಿತ್ತು. ಗಂಗಕ್ಕ ಏಳನೇ ಇಯತ್ತೆಗೆ ಓದು ಬಿಟ್ಟವರು. ಮಾತು ಕಮ್ಮಿ. ನಗು ಬಂದರೆ ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು, ಸಲ್ವಾರ್ ಹಾಕಿದ ದಿನ ದುಪಟ್ಟಾ.

ಮದುವೆಯಾದಾಗ ತಾಯಿಯಿಂದ ಪಡೆದ ಒಂದು ಹಿತ್ತಾಳೆ ಬೋಗುಣಿ ಅವರ ಹತ್ತಿರ ಇತ್ತು. ಒಳಗಡೆ ಕಲಾಯಿ. ನ್ಯೂಜೆರ್ಸಿಯಲ್ಲಿ ಕಲಾಯಿ ಹಾಕುವವರು ಎಲ್ಲಿ ಸಿಗುತ್ತಾರೆ? ಊರಿಗೆ ಹೋದಾಗಲೆಲ್ಲ ಅದನ್ನು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ, ಗದಗಿನಲ್ಲಿ ಕಲಾಯಿ ಹಾಕಿಸಿಕೊಂಡು, ಮತ್ತೆ ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಬರುತ್ತಿದ್ದರು. ನಾನು ಹೋದ ದಿನಗಳಲ್ಲೆಲ್ಲ ಅದು ಒಲೆಯ ಮೇಲೇ ಇರುತ್ತಿತ್ತು.

ರಾಯರಿಗೆ ಆ ಒಲೆಯ ದಿಕ್ಕು ಗೊತ್ತಿರಲಿಲ್ಲ. ಹ್ಯಾನಾಳ ಕೆಟಲ್ಲಿನ ಬಾಯಿ ಎಷ್ಟು ಅಗಲವಿದ್ದಿರಬಹುದು ಎಂದು ಹನ್ನೆರಡು ಪುಟ ಬರೆದಿದ್ದ ಮನುಷ್ಯ! ಗಂಗಕ್ಕನನ್ನು ಮೊದಲ ಸಲ ಆಸ್ಪತ್ರೆಗೆ ಸೇರಿಸಿದಾಗ ಬೆಳಿಗ್ಗೆ ನನಗೆ ಫೋನ್ ಬಂತು. ಏನಾಯಿತೋ ಎಂದು ಓಡಿ ಹೋಗಿ ಎತ್ತಿದೆ. "ಶೈಲಾ ಅವರ, ಚಹಾಪುಡಿ ಎಲ್ಲಿರ್ತದ?" ಎಂದರು. ನಮ್ಮ ಮನೆಯಲ್ಲಿ ಚಹಾಪುಡಿ ಎಲ್ಲಿದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಅವರ ಮನೆಯಲ್ಲಿ. ಹೋಗಿ ನೋಡಿದರೆ ಅಡುಗೆಮನೆಯ ನಡುವೆ, ವೀಸಾ ಕಚೇರಿಯಲ್ಲಿ ಟೋಕನ್ ಹಿಡಿದು ನಿಂತವರ ಹಾಗೆ ನಿಂತಿದ್ದರು. ಚಹಾ ಮಾಡಿಕೊಟ್ಟೆ. ಕುಡಿಯುತ್ತ, "ಹ್ಯಾನಾನ ಕಾಲದಾಗ ಈ ಭಾಗಕ್ಕ ಚಹಾ ಇನ್ನೂ ಬಂದಿರಲಿಲ್ಲ, ನೋಡ್ರಿ" ಎಂದರು. ಕಪ್ಪನ್ನು ಸಿಂಕಿನಲ್ಲಿ ಕೂಡ ಇಡಲಿಲ್ಲ.

ಶನಿವಾರಗಳಂದು ಗಂಗಕ್ಕನನ್ನು ಐಸೆಲಿನ್ನಿನ ಇಂಡಿಯನ್ ಅಂಗಡಿಗಳಿಗೆ ಡ್ರೈವ್ ಮಾಡಿ ಕರೆದುಕೊಂಡು ಹೋಗುತ್ತಿದ್ದರು, ಅಷ್ಟು ಉಪಕಾರ ಮಾಡುತ್ತಿದ್ದರು. ಆಕೆ ತರಕಾರಿ, ಸ್ಟೀಲ್ ಡಬ್ಬಿ ಆರಿಸುವಾಗ ಇವರು ಕಾರಿನಲ್ಲೇ ಕೂತು ಉಯಿಲಿನ ಜೆರಾಕ್ಸ್ ಓದುತ್ತಿದ್ದರು. ಚೀಲ ಹೊತ್ತು ಬಂದವರಿಗೆ ಒಳಗಿನಿಂದಲೇ ಡಿಕ್ಕಿಯ ಬಟನ್ ಒತ್ತುವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಇವರಿಗೆ ಹಿತ್ತಲಲ್ಲಿ ಗಿಡವಿದೆ ಎನ್ನುವುದೇ ಗೊತ್ತಿರಲಿಲ್ಲ.

ಹ್ಯಾನಾಳ ಉಯಿಲಿನಲ್ಲಿ ಅವರನ್ನು ಕಾಡಿದ ಪ್ರಶ್ನೆ ಒಂದೇ. ಇಬ್ಬರು ಹೆಣ್ಣುಮಕ್ಕಳಿದ್ದೂ ಆಕೆ ಮನೆಯ ಅತ್ಯುತ್ತಮ ಪಾತ್ರೆಯಾದ ಹಿತ್ತಾಳೆ ಕೆಟಲನ್ನು ನೆರೆಮನೆಯ ಮೇರಿಗೆ ಕೊಟ್ಟಿದ್ದಳು. ಯಾಕೆ? ಮೇರಿ ದೂರದ ಸಂಬಂಧಿಯೇ? ಹೊಲದ ಗಡಿಯ ವ್ಯಾಜ್ಯದ ರಾಜಿಯೇ? ಅಥವಾ ಬರೆದವನ ಕೈತಪ್ಪೇ? ಒಂದು ಮಧ್ಯಾಹ್ನ ನನ್ನ ಮುಂದೆ ಈ ಮೂರೂ ವಾದಗಳನ್ನು ಹರಡಿಕೊಂಡು ಕೂತಿದ್ದಾಗ ಗಂಗಕ್ಕ ಒಳಗಿನಿಂದ ಹೇಳಿದರು. "ಆಕಿ ದಿನಾ ಬಂದು ಮಾತಾಡಿಸಿ ಹೋಗ್ತಿದ್ದಳೇನೋ."

ರಾಯರು ನಕ್ಕರು. "ಇದು ಸಂಶೋಧನಾ ಅಲ್ಲ, ಅಡಿಗಿಮನಿ ಮಾತು."

ಅವರ ಇನ್ನೊಂದು ಪಲ್ಲವಿ ಎಂದರೆ ಆ ಕಾಲದ ಉಯಿಲಿನ ಕಾನೂನು. "ಗಂಡ ಇರೋತನಕ ಹೆಂಡತಿ ಮೃತ್ಯುಪತ್ರ ಬರಿಯೋ ಹಂಗಿರಲಿಲ್ಲರಿ. ಆಕಿದು ಅನ್ನೋದು ಏನೂ ಇಲ್ಲ, ಎಲ್ಲಾ ಗಂಡಂದು. ಗಂಡ ಸತ್ತ ಮ್ಯಾಲೆನ ಒಂದು ಚಮಚಾ ಸೈತ ಆಕಿದಾಗೋದು." ಇದನ್ನು ಅವರು ಹೆಂಗಸರ ಪರವಾಗಿ ಮರುಗುವವರ ದನಿಯಲ್ಲಿ ಹೇಳುತ್ತಿದ್ದರು. ಹೇಳುತ್ತಲೇ ಖಾಲಿ ಲೋಟವನ್ನು ಗಂಗಕ್ಕನತ್ತ ಚಾಚುತ್ತಿದ್ದರು, ನೀರಿಗೆ.

ಕಳೆದ ಚಳಿಗಾಲದಲ್ಲಿ ಗಂಗಕ್ಕನ ಕಾಯಿಲೆ ಮರುಕಳಿಸಿತು. ಡಾಕ್ಟರು ಗಂಡನ ಹತ್ತಿರ ಏನು ಹೇಳಿದರೋ, ಗಂಗಕ್ಕನಿಗೆ ಹೇಳದೆಯೇ ತಿಳಿದಿತ್ತು. ಒಂದು ದಿನ ಹೋದಾಗ ಊಟದ ಮೇಜಿನ ಮೇಲೆ ಪಾತ್ರೆಗಳೆಲ್ಲ ಬೋರಲು ಬಿದ್ದಿದ್ದವು. ಗಂಗಕ್ಕನ ಕೈಯಲ್ಲಿ ಕೆಂಪು ನೇಲ್ ಪಾಲಿಶಿನ ಬಾಟಲಿ. ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವರಲ್ಲ.

"ಏನ್ರೀ ಗಂಗಕ್ಕ ಇದು, ಪಾಟ್‌ಲಕ್‌ಗಾ?" ಎಂದೆ. ಇಲ್ಲಿ ನಾವೆಲ್ಲ ಪಾಟ್‌ಲಕ್ಕಿಗೆ, ಎಂದರೆ ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಊಟಕ್ಕೆ, ಪಾತ್ರೆ ಒಯ್ಯುವಾಗ ತಳದಲ್ಲಿ ನೇಲ್ ಪಾಲಿಶಿನಿಂದ ನಮ್ಮ ನಮ್ಮ ಹೆಸರು ಬರೆದಿರುತ್ತೇವೆ. ಇಲ್ಲದಿದ್ದರೆ ಚಿತ್ರಾನ್ನದ ಪಾತ್ರೆ ಎಡಿಸನ್ನಿನಲ್ಲಿ ಕಳೆದು ಪ್ಲೇನ್ಸ್‌ಬರೋದಲ್ಲಿ ಸಿಗುತ್ತದೆ.

"ಹೂಂ, ಗುರುತಿಗೆ" ಎಂದರು. ಆಮೇಲೆ ನನ್ನನ್ನು ನೋಡದೆ, "ಗಂಡ ಇರೋತನಕ ಹೆಂಡ್ತಿ ಮೃತ್ಯುಪತ್ರ ಬರಿಯೋ ಹಂಗಿಲ್ಲಂತ, ನಮ್ಮನಿಯವರು ಹೇಳ್ತಾರಲ್ಲ" ಎಂದರು.

"ಅಯ್ಯೋ, ಅದು ಮುನ್ನೂರು ವರ್ಷದ ಹಿಂದಿನ ಮಾತು, ಗಂಗಕ್ಕ!"

"ಅವರಿಗೆ ಅದೇ ಇವತ್ತಿನ ಮಾತು" ಎಂದು ದುಪಟ್ಟಾ ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕು ಮೀಟಿಂಗಿಗೆ ಓಡಿದೆ. ತಳದಲ್ಲಿ ಯಾರ ಹೆಸರಿದೆ ಎಂದು ಬಗ್ಗಿ ನೋಡುವ ಬುದ್ಧಿ ನನಗೂ ಬರಲಿಲ್ಲ. ಮಾರ್ಚ್ ತಿಂಗಳಲ್ಲಿ ಗಂಗಕ್ಕ ತೀರಿಕೊಂಡರು. ಇಲ್ಲಿಗೆ ಬಂದ ಮೇಲೆ ನನಗಿದ್ದ ಒಬ್ಬರೇ ಅಕ್ಕ ಅವರು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಮಾಧವರಾಯರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಗಂಗಕ್ಕನ ಬೋಗುಣಿ. ಬಗಲಲ್ಲಿ ಟೈಪ್ ಮಾಡಿದ ಒಂದು ಪಟ್ಟಿ.

"ಶೈಲಾ ಅವರ, ಮನಿ ಖಾಲಿ ಮಾಡ್ಲಿಕತ್ತೀನಿ. ಮಗಳ ಕಡೆ, ಟೆಕ್ಸಸ್‌ಗೆ. ಪಾತ್ರಿ ತಗದು ನೋಡಿದರ ಎಲ್ಲಾದರ ತಳದಾಗೂ ಮಂದಿ ಹೆಸರು! ಇಪ್ಪತ್ತೆರಡು ಮನಿ ಪಾತ್ರಿ, ನೋಡ್ರಿ. ಈಕಿ ಒಂದೂ ವಾಪಸ್ ಕೊಟ್ಟಿಲ್ಲ. ಭಾಳ ನಾಚಿಕಿ ಆತು ನನಗ. ಇದು ನಿಮ್ಮದು, ತಪ್ಪು ತಿಳಿಬ್ಯಾಡ್ರಿ. ಆಕಿಗೆ ಕಡೀ ಕಡೀಗೆ ಮರವು ಇತ್ತೋ ಏನೋ."

ಬೋಗುಣಿಯನ್ನು ತಿರುಗಿಸಿದೆ. ತಳದಲ್ಲಿ ಕೆಂಪಗೆ, ಗುಂಡಗೆ, ಏಳನೇ ಇಯತ್ತೆಯ ಅಕ್ಷರದಲ್ಲಿ "ಶೈಲಾ" ಎಂದಿತ್ತು. ಕಂಠದ ಸುತ್ತ ಹಳೆಯ ಕಾಲದಲ್ಲಿ ಚುಕ್ಕೆ ಕುಟ್ಟಿ ಬರೆದ ಇನ್ನೊಂದು ಹೆಸರು, ತುಂಗಾಬಾಯಿ. ರಾಯರು ಅದನ್ನೂ ಗಮನಿಸಿದ್ದರು, ಸಂಶೋಧಕರಲ್ಲವೇ. "ಯಾರೋ ತುಂಗಾಬಾಯಿ ಅಂತ ಹಾಕಿಸ್ಯಾರ. ನಿಮ್ಮ ಪೈಕಿ ಹಿರ್ಯಾರು ಇರಬೇಕು, ಹೌದಲ್ಲೋ?" ಎಂದರು.

ತುಂಗಾಬಾಯಿ ಗಂಗಕ್ಕನ ತಾಯಿ. ಮಾಧವರಾಯರ ಸ್ವಂತ ಅತ್ತೆ. ಊರೆಲ್ಲ ಆಕೆಯನ್ನು ಅಂಬಕ್ಕ ಎಂದೇ ಕರೆಯುತ್ತಿತ್ತಂತೆ, ಇರಲಿ, ಆ ರಿಯಾಯಿತಿ ಕೊಡೋಣ. ಆದರೆ ಹ್ಯಾನಾಳ ಅತ್ತೆಯ, ಅತ್ತೆಯ ತಂಗಿಯ ಹೆಸರೂ ಬಾಯಿಪಾಠವಿದ್ದ ಮನುಷ್ಯ ಇವರು. ಪಟ್ಟಿಯನ್ನು ಮುಂದೆ ಹಿಡಿದು, "ಇಲ್ಲೊಂದು ಸಹಿ ಮಾಡ್ರಿ, ತಲುಪಿತು ಅಂತ" ಎಂದರು. ಹದಿನಾಲ್ಕನೆಯ ಸಾಲಿನಲ್ಲಿ ಹೀಗಿತ್ತು: ಒಂದು ಹಿತ್ತಾಳೆ ಬೋಗುಣಿ, ಹಳೆಯದು, ಒಳಗೆ ಕಲಾಯಿ ಸವೆದಿದೆ. ಇವರಿಗೆ ಹೇಳಿ ಏನು ಪ್ರಯೋಜನ ಎನ್ನಿಸಿತು. ಸಹಿ ಹಾಕಿದೆ. ಅವರು ಕಾರು ಹತ್ತಿ ಹದಿನೈದನೆಯ ಮನೆಗೆ ಹೋದರು.

ಉಯಿಲು ಎನ್ನುವುದೇ ಗೊತ್ತಿಲ್ಲದೆ ಒಂದು ಉಯಿಲನ್ನು ಇಷ್ಟು ಅಚ್ಚುಕಟ್ಟಾಗಿ ಜಾರಿ ಮಾಡಿದವರು ಜಗತ್ತಿನಲ್ಲಿ ಇನ್ನೊಬ್ಬರಿರಲಾರರು. ಪಟ್ಟಿ, ಸಹಿ, ವಿತರಣೆ, ಎಲ್ಲವೂ ಕ್ರಮವಾಗಿ ಆಯಿತು. ಇಪ್ಪತ್ತೆರಡು ಹೆಸರೂ ಒಂದೇ ಕೈಯಲ್ಲಿ, ಒಂದೇ ಬಣ್ಣದಲ್ಲಿ ಇದ್ದವು. ಮುನ್ನೂರು ವರ್ಷದ ಹಿಂದಿನ ಕಾರಕೂನನ ಆಕಳಿಕೆ ಕಾಣುತ್ತಿದ್ದ ಕಣ್ಣಿಗೆ ನಲವತ್ತೊಂದು ವರ್ಷ ಜೊತೆಗಿದ್ದ ಹೆಂಡತಿಯ ಅಕ್ಷರ ಕಾಣಲಿಲ್ಲ.

ನಮ್ಮ ಜನರೇನು ಕಡಿಮೆಯೇ? ತನ್ನದಲ್ಲದ ಪಾತ್ರೆ ಎದುರಿಗೆ ಬಂದಾಗ ಒಬ್ಬರಾದರೂ "ಇದು ನನ್ನದಲ್ಲ" ಎನ್ನಬೇಕಿತ್ತು. "ನಂದಲ್ಲ ಅನ್ನಿಸ್ತು ಶೈಲಾ, ಆದ್ರೆ ಹೆಸರಿತ್ತಲ್ಲ!" ಎಂದರು ಒಬ್ಬರು. ಇಪ್ಪತ್ತು ವರ್ಷದ ಪಾಟ್‌ಲಕ್ಕುಗಳಲ್ಲಿ ಯಾರ ಪಾತ್ರೆ ಯಾರಿಗೆ ನೆನಪಿರುತ್ತದೆ? ಪಾತ್ರೆ ಒಳಗಿಟ್ಟುಕೊಂಡರು, ಸುದ್ದಿಯನ್ನು ಹೊರಗೆ ಬಿಟ್ಟರು. ಮುಂದಿನ ಶನಿವಾರ ಐಸೆಲಿನ್ನಿನ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ನನ್ನ ಕಿವಿಗೆ ಬಿತ್ತು: "ಗಂಗಾ ಆಂಟಿ ಮನೇಲಿ ಇಪ್ಪತ್ತೆರಡು ಜನರ ಪಾತ್ರೆ ಇತ್ತಂತೆ ಕಣೇ! ನೋಡಕ್ಕೆ ಎಷ್ಟು ಸೈಲೆಂಟು. It's a condition, you know. ಪಾಪ, ಅಂಕಲ್ ಮನೆಮನೆಗೂ ಹೋಗಿ ಸಾರಿ ಕೇಳ್ತಿದಾರೆ."

ತನ್ನದನ್ನೆಲ್ಲ ಹಂಚಿ ಹೋದ ಹೆಂಗಸು ಊರವರ ಪಾತ್ರೆ ಮುಚ್ಚಿಟ್ಟುಕೊಂಡವಳು ಎನ್ನಿಸಿಕೊಂಡಿದ್ದಳು. ಕಟ್ಟಿಕೊಂಡ ಗಂಡನೇ ಆ ಹೆಸರನ್ನು ಮನೆಮನೆಗೆ ಮುಟ್ಟಿಸಿ ಬಂದಿದ್ದ. ಬುಟ್ಟಿಯನ್ನು ಅಲ್ಲೇ ಬಿಟ್ಟು ನೇರ ಮನೆಗೆ ಬಂದೆ, ಬೋಗುಣಿ ಎತ್ತಿಕೊಂಡು ರಾಯರ ಬಾಗಿಲು ತಟ್ಟಿದೆ.

ಅವರ ಫ್ರಿಜ್ಜಿನ ಬಾಗಿಲ ಮೇಲೆ ಗಂಗಕ್ಕನ ಕೊನೆಯ ಸಾಮಾನಿನ ಚೀಟಿ ಇನ್ನೂ ಅಂಟಿಕೊಂಡಿತ್ತು: ಶೇಂಗಾ, ಮೆಂತ್ಯ, ಹಾಲು. ಬೋಗುಣಿಯನ್ನು ಬೋರಲು ಮಾಡಿ ಅದರ ಪಕ್ಕಕ್ಕೆ ಹಿಡಿದೆ.

"ಈ ಶೇಂಗಾದ 'ಶೇ' ನೋಡಿ, ಈ ಶೈಲಾದ 'ಶೈ' ನೋಡಿ. ಯಾರ ಅಕ್ಷರ ಇದು? ನಿಮಗೆ ಹಳೇ ಕೈಬರಹ ಓದಕ್ಕೆ ಬರುತ್ತಲ್ಲ, ಓದಿ."

ಅವರು ಕನ್ನಡಕ ಏರಿಸಿ ನೋಡಿದರು. ಚೀಟಿ ನೋಡಿದರು, ತಳ ನೋಡಿದರು. "ಸಾಮ್ಯ ಅದ" ಎಂದರು.

"ಸಾಮ್ಯ ಅಲ್ಲ ಸ್ವಾಮಿ, ಒಂದೇ ಕೈ! ಅವು ಯಾರ ಪಾತ್ರೆನೂ ಅಲ್ಲ. ಅವರದ್ದು. ಯಾರ್‍ಯಾರಿಗೆ ಕೊಡಬೇಕು ಅಂತ ಬರೆದಿಟ್ಟು ಹೋಗಿದಾರೆ. ತುಂಗಾಬಾಯಿ ಯಾರು ಗೊತ್ತಾ? ನಿಮ್ಮ ಅತ್ತೆ!"

ರಾಯರು ಕುರ್ಚಿಯ ಮೇಲೆ ಕೂತರು. ಈಗ ಅಳುತ್ತಾರೆ ಎಂದುಕೊಂಡೆ. ಅತ್ತಿದ್ದರೆ ನಾನು ಇದನ್ನು ಬೇರೆ ರೀತಿ ಬರೆಯುತ್ತಿದ್ದೆನೇನೋ. ಅವರು ಹೇಳಿದ್ದು ಇಷ್ಟು: "ಆದರ ಸಾಕ್ಷಿದಾರರ ಸಹಿ ಇಲ್ಲ. ತಾರೀಖು ಇಲ್ಲ."

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೈಸೂರಿನವರು ಮೃದು ಎನ್ನುವ ನಂಬಿಕೆ ಅವರಿಗಿದ್ದಿದ್ದರೆ ಅಂದು ಹೋಗಿರಬೇಕು. ಇಪ್ಪತ್ತೆರಡು ಮನೆಗೂ ಮತ್ತೆ ಹೋಗಿ, ನನ್ನ ಹೆಂಡತಿ ಯಾರ ಪಾತ್ರೆಯನ್ನೂ ಇಟ್ಟುಕೊಂಡವಳಲ್ಲ, ತಪ್ಪು ನನ್ನದು ಎಂದು ಹೇಳಬೇಕು, ಅಲ್ಲಿಯವರೆಗೆ ನಿಮ್ಮ ಮುಖ ನೋಡುವುದಿಲ್ಲ ಎಂದೆ. ಅವರು ತಲೆ ತಗ್ಗಿಸಿ ಕೇಳಿದರು. ಕೊನೆಗೆ ತಲೆ ಎತ್ತಿ, "ಒಂದು ಉಪನ್ಯಾಸ ಇಡೋಣಂತ. ಎಲ್ಲಾರಿಗೂ ಒಮ್ಮೆಲೆ ತಿಳೀತದ" ಎಂದರು.

ಇಟ್ಟರು. ಕನ್ನಡ ಸಂಘದವರು ಬಾಡಿಗೆಗೆ ಹಿಡಿದ ಸ್ಕೂಲ್ ಕೆಫೆಟೇರಿಯಾದಲ್ಲಿ, ಮಧ್ಯಾಹ್ನದ ಊಟಕ್ಕೆ ಮೊದಲು. ಮಾಧವರಾಯರು ಎಲ್ಲರಿಂದ ಫೋಟೋ ತರಿಸಿಕೊಂಡಿದ್ದರು. ಪರದೆಯ ಮೇಲೆ ಒಂದಾದ ಮೇಲೊಂದು ಪಾತ್ರೆಗಳ ತಳ ಬರತೊಡಗಿತು. ಇಡ್ಲಿ ಕುಕ್ಕರ್, ಸರೋಜಾ. ಪೂರಿ ಡಬ್ಬಿ, ವಿಜಯಾ. ಮಸಾಲೆ ಡಬ್ಬಿ, ಲಿಲ್ಲಿ. ಇಪ್ಪತ್ತೆರಡರ ಹೊರಗೆ, ಮಗಳು ಆಗಲೇ ಒಯ್ದಿದ್ದ ಬೆಳ್ಳಿಯ ಕುಂಕುಮದ ಬಟ್ಟಲು. ಉಯಿಲು ಬರೆದವಳಿಗೆ "ಟೆಸ್ಟೇಟರ್" ಎಂದರು, ಬಿಟ್ಟುಹೋದದ್ದಕ್ಕೆ "ಲೆಗಸಿ" ಎಂದರು, ಹ್ಯಾನಾಳ ಗೀಟನ್ನು ಒಂದು ಕಡೆ, ಗಂಗಕ್ಕನ ನೇಲ್ ಪಾಲಿಶನ್ನು ಇನ್ನೊಂದು ಕಡೆ ತೋರಿಸಿದರು. ನಲವತ್ತು ನಿಮಿಷದ ಭಾಷಣದಲ್ಲಿ ತಪ್ಪೊಪ್ಪಿಗೆಗೆ ಸಿಕ್ಕಿದ್ದು ಒಂದೇ ವಾಕ್ಯ: "ನನ್ನಿಂದ ವ್ಯಾಖ್ಯಾನದಾಗ ಒಂದು ದೋಷ ಆಗ್ಯದ." ಹೆಂಡತಿ ಬದುಕಿದ್ದಾಗ ಆಕೆಯ ಬಗ್ಗೆ ನಾಲ್ಕು ಮಾತು ಆಡದ ಮನುಷ್ಯನಿಗೆ ಈಗ ನಲವತ್ತು ನಿಮಿಷ ಸಾಲಲಿಲ್ಲ. ಇನ್ನೊಬ್ಬ ಹ್ಯಾನಾ ಸಿಕ್ಕ ಖುಷಿ ದನಿಯಲ್ಲಿ ಕೇಳುತ್ತಿತ್ತು. ಅಸಹ್ಯವಾಯಿತು ನನಗೆ.

ಆದರೆ ಕೆಲಸ ಆಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊತ್ತಂಬರಿ ಸೊಪ್ಪಿನ ಹತ್ತಿರ ಮಾತಾಡಿದವಳು ಟಿಶ್ಯೂ ಹುಡುಕುತ್ತಿದ್ದಳು. ಸರೋಜಾ ಆಂಟಿ, "ನಾನು ಅದ್ರಲ್ಲಿ ಮೊನ್ನೆ ಇಡ್ಲಿ ಮಾಡ್ದೆ ಕಣ್ರೀ, ಅವರು ಕೊಟ್ಟಿದ್ದು ಅಂತ ಗೊತ್ತಿಲ್ದೇ" ಎಂದು ಜೋರಾಗಿಯೇ ಅತ್ತರು. ಗಂಗಕ್ಕನ ಹೆಸರು ತೊಳೆದು ಹಸನಾಯಿತು, ಅಷ್ಟು ಸಾಕು ಎಂದು ನಾನು ಏಳುವುದರಲ್ಲಿದ್ದೆ.

ಆಗ ಲಿಲ್ಲಿ ಆಂಟಿ ಕೈ ಎತ್ತಿದರು. ಮಂಗಳೂರಿನವರು, ಮನಸ್ಸಿನಲ್ಲಿ ಬಂದದ್ದು ಬಾಯಿಗೆ ಬರಲು ಅವರಿಗೆ ಹೊತ್ತು ಬೇಡ. "ಎಲ್ಲ ಸರಿ ಮಾರಾಯ್ರೆ, ಚಂದ ಹೇಳಿದಿರಿ. ನಿಮಗೆ ಎಂತ ಇಟ್ಟಿದ್ದಾರೆ ಅವರು?"

ರಾಯರು ಪಟ್ಟಿ ನೋಡಿದರು. ಹಾಳೆ ಮಗುಚಿದರು, ಹಿಂಬದಿ ಖಾಲಿ. ಮೈಕ್ ಸರಿ ಮಾಡಿಕೊಂಡು, "ಆ ಬಗ್ಗೆ ಇನ್ನೂ ಸಂಶೋಧನಾ ನಡದದ" ಎಂದರು. ಕೆಫೆಟೇರಿಯಾ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಚೆನ್ನಾಗಿ ಆಯಿತು ಎನ್ನಿಸಿತು, ಸುಳ್ಳೇಕೆ ಹೇಳಲಿ.

ಮುಂದಿನ ವಾರ ಫೋನುಗಳು ಶುರುವಾದವು. ಮೊದಲು ಲಿಲ್ಲಿ ಆಂಟಿಯೇ. "ನಿಮ್ಮ ರಾಯರು ಬಂದಿದ್ದರು ಮಾರಾಯ್ತಿ. ಮಸಾಲೆ ಡಬ್ಬಿ ಒಮ್ಮೆ ನೋಡ್ತೇನೆ ಅಂದ್ರು. ತಳ ನೋಡಿದ್ರು, ಒಳಗಿನ ಬಟ್ಟಲು ಒಂದೊಂದೇ ತೆಗೆದು ನೋಡಿದ್ರು, ಮುಚ್ಚಳದ ಅಡಿ ನೋಡಿದ್ರು. ಕಾಫಿ ಬೇಡ ಅಂತ ಹೋದ್ರು. ಎಂತ ಹುಡುಕುವುದು ಅವರು?" ಆಮೇಲೆ ಸರೋಜಾ ಆಂಟಿ. ಆಮೇಲೆ ವಿಜಯಾ. ಯಾವ ಮನೆಯಲ್ಲೂ ಕೂರಲಿಲ್ಲವಂತೆ, ಹ್ಯಾನಾಳ ಮಾತು ಎತ್ತಲಿಲ್ಲವಂತೆ. ನಾನು ಯಾರಿಗೂ ಏನೂ ವಿವರಿಸಲಿಲ್ಲ. ಅವರು ಏನು ಹುಡುಕುತ್ತಿದ್ದಾರೆ ಎಂದು ನನಗೆ ಮೊದಲ ಫೋನಿನಲ್ಲೇ ತಿಳಿದಿತ್ತು.

ನಮ್ಮ ಮನೆಗೆ ಬಂದದ್ದು ಕೊನೆಗೆ, ಟೆಕ್ಸಸ್‌ಗೆ ಹೊರಡುವ ದಿನ ಬೆಳಿಗ್ಗೆ. ಕರೆದೊಯ್ಯಲು ಬಂದಿದ್ದ ಮಗಳು ಹೊರಗೆ ಕಾರಿನಲ್ಲಿ ಕೂತಿದ್ದಳು. ರಾಯರು ಶೂ ಬಿಚ್ಚಿ ಒಳಗೆ ಬಂದರು. ನಾನು ಏನೂ ಕೇಳದೆ ಬೋಗುಣಿ ತಂದು ಮೇಜಿನ ಮೇಲಿಟ್ಟೆ. ಅವರು ಅದನ್ನು ಬೋರಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಹೆಸರಿನ ಸುತ್ತ ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ಕಂಠದ ಚುಕ್ಕೆಗಳನ್ನು ಒಂದು ಸುತ್ತು ತಡವಿದರು.

"ನಿಮ್ಮ ಹೆಸರಷ್ಟ ಅದ."

"ಹೌದು."

"ಇದ ಕಡೀದು. ಇಪ್ಪತ್ತೆರಡೂ ನೋಡಿದೆ."

ನನ್ನ ಬಾಯಲ್ಲಿ ಒಂದು ಮಾತು ವಾರದಿಂದ ಸಿದ್ಧವಾಗಿತ್ತು. ಹ್ಯಾನಾಳನ್ನು ಕೇಳಿ ನೋಡಿ, ಆಕೆ ನಿಮಗೇನಾದರೂ ಬಿಟ್ಟಿರಬಹುದು ಎಂದು. ಹೇಳಲಿಲ್ಲ. ಕನಿಕರ ಬಂತು ಎಂದು ಬರೆದರೆ ಗಂಗಕ್ಕನಿಗೆ ದ್ರೋಹವಾಗುತ್ತದೆ; ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಆದರೆ ಆ ಮಾತು ಆಡಲು ನಾಲಗೆ ಏಳಲಿಲ್ಲ, ಅಷ್ಟೇ.

ಅವರು ಬೋಗುಣಿಯನ್ನು ನೆಟ್ಟಗೆ ಇಟ್ಟರು. ಬಗ್ಗಿ ಒಳಗೆ ನೋಡಿದರು. ಕಲಾಯಿ ಸವೆದು ನಡುವೆ ಹಿತ್ತಾಳೆಯ ಹಳದಿ ಕಾಣುತ್ತಿತ್ತು.

"ಶೈಲಾ ಅವರ," ಎಂದರು, "ಇದರಾಗ ಆಕಿ ಏನ್ ಮಾಡ್ತಿದ್ದಳು?"

ಮತ್ತೊಂದು ಪುಟಕ್ಕೆ ವಿವರ ಬೇಕೇನೋ ಎಂದು ಅವರ ಕೈ ನೋಡಿದೆ. ಕೈಯಲ್ಲಿ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ.

"ಸಾರು" ಎಂದೆ. "ನಿಮಗೆ. ದಿನಾ."

ಅವರು ಬೋಗುಣಿಯ ಅಂಚನ್ನು ಇನ್ನೊಂದು ಸುತ್ತು ತಡವಿದರು. ಆಮೇಲೆ ಕೈ ಬಿಟ್ಟು, ಬಾಗಿಲಲ್ಲಿ ಕೂತು ಶೂ ಹಾಕಿಕೊಂಡು, ಮಗಳ ಕಾರು ಹತ್ತಿ ಹೋದರು.